ಇಳಿಜಾರಿನ ಎಣ್ಣೆ

ಪೊಲೀಸ್ ಠಾಣೆ, ರಾಮದುರ್ಗ. ಬುಧವಾರ, ದಿನಾಂಕ 13-3-1974. ಬೆಳಿಗ್ಗೆ 9 ಗಂಟೆ 20 ನಿಮಿಷ. ಮರುಹೇಳಿಕೆ.

ನನ್ನ ಹೆಸರು ನಿಜಾಮಸಾಬ, ತಂದೆಯ ಹೆಸರು ಹಜರತಸಾಬ, ಅಡ್ಡಹೆಸರು ನದಾಫ. ವಯಸ್ಸು ನಲವತ್ತೊಂಬತ್ತು. ಉದ್ಯೋಗ ಲಾರಿ ಡ್ರೈವರ್. ವಾಸ ಬೈಲಹೊಂಗಲ, ಹತ್ತಿ ಪೇಟೆಯ ಹಿಂದಿನ ಓಣಿ. ಭಾರಿ ವಾಹನದ ಲೈಸೆನ್ಸ್ ಪಡೆದು ಇಪ್ಪತ್ಮೂರು ವರ್ಷವಾಯಿತು. ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಮಂಗಳವಾರ ಸಂಜೆ 7 ಗಂಟೆ 15 ನಿಮಿಷಕ್ಕೆ ಇದೇ ಠಾಣೆಯಲ್ಲಿ, ಇದೇ ಮೇಜಿನ ಮುಂದೆ ನಿಂತು ನಾನು ಬರೆಸಿದ ಹೇಳಿಕೆ ಸುಳ್ಳು. ನನಗೆ ಜ್ವರ ಬಂದಿತ್ತು, ನಾನು ಲಾರಿಯಲ್ಲಿ ಮಲಗಿದ್ದೆ, ಬೀರಪ್ಪನೆಂಬ ಕಲಿಯುವ ಹುಡುಗ ನನ್ನ ಮಾತು ಮೀರಿ ಗಾಡಿ ಓಡಿಸಿ ಅಪಘಾತ ಮಾಡಿದ ಎಂದು ನಾನು ಹೇಳಿದ್ದೆ. ನನಗೆ ಜ್ವರ ಬಂದಿರಲಿಲ್ಲ. ನಾನು ಮಲಗಿರಲಿಲ್ಲ. ಬೀರಪ್ಪ ಹುಡುಗನೂ ಅಲ್ಲ, ಇಪ್ಪತ್ತಾರು ವರ್ಷದ ಗಂಡಸು. ಆ ಸುಳ್ಳಿನಿಂದ ಅವನು ನಿನ್ನೆಯಿಂದ ಈ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆಂದು ತಿಳಿಯಿತು. ಅದಕ್ಕೆ ಮುಂಚೆ ನಡೆದದ್ದನ್ನು ನಡೆದ ಹಾಗೆ ಬರೆದುಕೊಳ್ಳಬೇಕು.

ಒಬ್ಬನೇ ಮನುಷ್ಯ ಒಂದೇ ಸಂಗತಿಗೆ ಎರಡು ಹೇಳಿಕೆ ಕೊಟ್ಟರೆ ಯಾವುದನ್ನು ನಂಬುವುದು ಎಂದು ಹವಾಲ್ದಾರರು ಕೇಳಿದರು. ನಿನ್ನೆಯದನ್ನು ಬರೆದುಕೊಳ್ಳುವಾಗ ಅವರಿಗೆ ಈ ಸಂಶಯ ಬರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇದನ್ನೂ ಬರೆಯಿರಿ ಎಂದಿದ್ದೇನೆ. ಬರೆದಿದ್ದಾರೆ.

ಬೀರಪ್ಪ, ತಂದೆ ಅಮೋಘಸಿದ್ದಪ್ಪ, ಸವದತ್ತಿ ತಾಲೂಕಿನ ಸಿರಸಂಗಿಯವನು. ಮನೆಯಲ್ಲಿ ಕುರಿ ಸಾಕಣೆ. ಎಸ್ಸೆಸ್ಸೆಲ್ಸಿ ಪಾಸು. ಅಂಗಿಯ ಕಿಸೆಯಲ್ಲಿ ಪೆನ್ನು ಇಟ್ಟುಕೊಳ್ಳುತ್ತಾನೆ. ಲಾರಿ ತೊಳೆಯುವಾಗಲೂ ಪೆನ್ನು ಕಿಸೆಯಲ್ಲೇ ಇರುತ್ತದೆ. ಹೆಂಡತಿ ಬಾಯವ್ವ, ಎರಡು ಮಕ್ಕಳು. ಲಾರಿ ಡ್ರೈವರ್ ಆಗಬೇಕೆಂದು ಅವನು 1972ರ ಏಪ್ರಿಲ್‌ನಿಂದ ಹದಿನಾಲ್ಕು ತಿಂಗಳು ಲಾರಿ ಮಾಲಕರ ಬಾಗಿಲು ಬಾಗಿಲು ತಿರುಗಿದ್ದಾನೆ. ಕಿತ್ತೂರಿನಲ್ಲಿ ಇಬ್ಬರು, ಸವದತ್ತಿಯಲ್ಲಿ ಮೂವರು, ರಾಮದುರ್ಗದಲ್ಲಿ ಇಬ್ಬರು, ಬೈಲಹೊಂಗಲದಲ್ಲಿ ಎಷ್ಟು ಜನವೋ ಅಷ್ಟೂ. ಅವನು ಕೇಳುತ್ತಿದ್ದದ್ದು ಒಂದೇ: ಗಾಡಿ ಕಲಿಸಬೇಕು, ಕಲಿಯುವಾಗ ಪಗಾರವನ್ನೂ ಕೊಡಬೇಕು.

ನಮ್ಮ ಧಂದೆಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಲಾರಿ ಕಲಿಯುವವನು ಮೊದಲು ಕ್ಲೀನರ್ ಆಗುತ್ತಾನೆ. ಹದಿಮೂರು ಹದಿನಾಲ್ಕಕ್ಕೆ ಬರುತ್ತಾನೆ. ಎರಡು ಹೊತ್ತಿನ ಊಟ ಸಿಗುತ್ತದೆ, ವರ್ಷಕ್ಕೊಂದು ಜೊತೆ ಬಟ್ಟೆ ಸಿಗುತ್ತದೆ, ತಪ್ಪಿದರೆ ನಟ್ಟು ಬಿಚ್ಚುವ ಪಾನಾ ತಲೆಗೆ ಬೀಳುತ್ತದೆ. ಐದಾರು ವರ್ಷ ಹೀಗೆ ಕಳೆದ ಮೇಲೆ ಕಲಿಸುವ ಉಸ್ತಾದನ ಮನಸ್ಸಿಗೆ ಬಂದ ದಿನ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯಲು ಕೊಡುತ್ತಾನೆ. ನಾನು ಹೀಗೆಯೇ ಕಲಿತೆ. ನನ್ನ ಎಡಗೈ ಮೇಲಿನ ಸುಟ್ಟ ಗಾಯ ರೇಡಿಯೇಟರಿನದು, ಅದು ನನ್ನ ಮೊದಲ ಪಾಠ. ಹೀಗಿರುವಾಗ ಇಬ್ಬರು ಮಕ್ಕಳ ತಂದೆ, ಪೆನ್ನಿನ ಮನುಷ್ಯ, ಬಂದು ಪಗಾರ ಕೊಟ್ಟು ಕಲಿಸಿರಿ ಎಂದರೆ ಯಾರಿಗೆ ನಗು ಬರುವುದಿಲ್ಲ? ನಾನೂ ನಕ್ಕೆ. ಹಾಲು ಕುಡಿಯುವುದಕ್ಕೆ ಕರುವಿಗೆ ಕೂಲಿ ಕೊಟ್ಟಂತಾಯಿತು ಎಂದು ಪೇಟೆಯ ಚಹದಂಗಡಿಯಲ್ಲಿ ಅವನ ಎದುರಿಗೇ ಹೇಳಿದೆ. ನನ್ನ ಒಬ್ಬನ ಹೊಟ್ಟೆ ತುಂಬಿದರೆ ಸಾಲದು, ಮನೆಯಲ್ಲಿ ಇನ್ನೂ ಮೂರು ಹೊಟ್ಟೆ ಇವೆ ಎಂದು ಅವನು ಉತ್ತರ ಕೊಟ್ಟ. ಬೇರೆಯವರ ನಗುವಿಗೆ ತಲೆ ತಗ್ಗಿಸುವಷ್ಟು ಬುದ್ಧಿಯೂ ಅವನಿಗೆ ಇರಲಿಲ್ಲ.

ಕೊನೆಗೆ ಅವನನ್ನು ಇಟ್ಟುಕೊಂಡವರು ನನ್ನ ಮಾಲಕ ಬಸಲಿಂಗಪ್ಪ. ಬೈಲಹೊಂಗಲದಲ್ಲಿ ಇವರ ಮೂರು ಲಾರಿ ಇವೆ. ದಯೆಯಿಂದ ಇಟ್ಟುಕೊಂಡರು ಎಂದು ಯಾರೂ ತಿಳಿಯಬಾರದು. ಬಸಲಿಂಗಪ್ಪನವರು ದೇವರಿಗೆ ಕಾಯಿ ಒಡೆಸಿದರೂ ಎರಡು ಹೋಳನ್ನೂ ಮನೆಗೆ ತರುವವರು. ಎರಡು ವರ್ಷ ಕಲಿಯುವಾಗ ತಿಂಗಳಿಗೆ ಎಪ್ಪತ್ತು ರೂಪಾಯಿ, ಲೈಸೆನ್ಸ್ ಬಂದ ಮೇಲೆ ಐದು ವರ್ಷ ತಾವು ಹೇಳಿದ ಪಗಾರಕ್ಕೆ ತಮ್ಮ ಗಾಡಿಯನ್ನೇ ಓಡಿಸಬೇಕು ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡರು. ಎಸ್ಸೆಸ್ಸೆಲ್ಸಿ ಕಲಿತವನು ಓದಿ ಸಹಿ ಹಾಕಿದ. ಓದದವನಾಗಿದ್ದರೆ ಮೋಸ ಹೋದ ಎನ್ನಬಹುದಿತ್ತು. ಬೆಳಗಾವಿಗೆ ಹೋಗಿ ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು 1973ರ ಜುಲೈ 2, ಸೋಮವಾರ ನನ್ನ ಗಾಡಿ ಹತ್ತಿದ. ಆ ಲೈಸೆನ್ಸಿನ ಪ್ರಕಾರ ಪಕ್ಕದಲ್ಲಿ ನಾನು ಎಚ್ಚರವಾಗಿ ಕುಳಿತಿದ್ದರೆ ಮಾತ್ರ ಅವನು ಗಾಡಿ ನಡೆಸಬಹುದು.

ಮಾಲಕರು ಇನ್ನೊಂದು ಕರಾರು ಇಟ್ಟಿದ್ದರು. ಈ ತಿಂಗಳು ಇವನು ಸರಿಯಾಗಿ ಕಲಿತಿದ್ದಾನೆ ಎಂದು ನಾನು ಚೀಟಿಗೆ ಸಹಿ ಹಾಕಿದರೆ ಮಾತ್ರ ಅವನಿಗೆ ಪಗಾರ. ಹಸಿದ ನಾಯಿಯ ಕೈಗೆ ರೊಟ್ಟಿಬುಟ್ಟಿ ಕೊಟ್ಟ ಹಾಗಾಯಿತು. ಜುಲೈನಿಂದ ಫೆಬ್ರವರಿಯವರೆಗೆ ಎಂಟು ತಿಂಗಳಲ್ಲಿ ಎರಡು ತಿಂಗಳು ನಾನು ಸಹಿ ಹಾಕಲಿಲ್ಲ. ಒಂದು ಸಲ ಅವನು ಗೇರು ಬದಲಿಸುವಾಗ ಕಿರ್ರೆನಿಸಿದ್ದಕ್ಕೆ. ಇನ್ನೊಂದು ಸಲ, ಅಕ್ಟೋಬರದಲ್ಲಿ, ನಾನು ನಿಂತಿರುವಾಗ ಅವನು ಕುಳಿತು ಚಹಾ ಕುಡಿದದ್ದಕ್ಕೆ. ಆ ತಿಂಗಳು ಅವನ ಮನೆಯಲ್ಲಿ ಏನು ಉಂಡರೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಮೊದಲನೇ ದಿನ ಅವನಿಗೆ ನಾನು ಕಲಿಸಿದ್ದು ಕ್ಲಚ್ ಅಲ್ಲ, ಬ್ರೇಕ್ ಅಲ್ಲ. ಉಸ್ತಾದ ಗಾಡಿಯಲ್ಲಿ ಇರುವ ತನಕ ಕಲಿಯುವ ಶಾಗಿರ್ದನಿಗೆ ಬಾಯಿ ಇಲ್ಲ ಎಂದು ಕಲಿಸಿದೆ. ಗಾಡಿಯಲ್ಲಿ ನಡೆದದ್ದು ಗಾಡಿಯಲ್ಲೇ ಇರಬೇಕು. ಮಾಲಕ ಕೇಳಲಿ, ಪೊಲೀಸ್ ಕೇಳಲಿ, ಉಸ್ತಾದನ ವಿರುದ್ಧ ಬಾಯಿಬಿಟ್ಟ ಶಾಗಿರ್ದನನ್ನು ಹುಬ್ಬಳ್ಳಿಯಿಂದ ವಿಜಾಪುರದವರೆಗೆ ಯಾವ ಲಾರಿಯವನೂ ಹತ್ತಿಸಿಕೊಳ್ಳುವುದಿಲ್ಲ. ಇದು ನನ್ನ ಉಸ್ತಾದ ನನಗೆ ಕಲಿಸಿದ್ದು. ಬೀರಪ್ಪ ಇದನ್ನೂ ಒಂದು ವಹಿಯಲ್ಲಿ ಬರೆದುಕೊಂಡ. ಅದನ್ನು ನೋಡಿ ನನಗೆ ಇನ್ನಷ್ಟು ಹೇಸಿಗೆ ಬಂತು.

ಇನ್ನು ಎಣ್ಣೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಣ್ಣೆ ಎಂದರೆ ಡೀಸೆಲ್. ಮಾಲಕರು ಒಂದು ಖೇಪಿಗೆ ಇಷ್ಟು ಎಂದು ಅಳೆದು ಹಾಕಿಸುತ್ತಾರೆ. ಹೋಗಿ ಬಂದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದು ಡ್ರೈವರನಿಗೆ. ಆದ್ದರಿಂದ ಇಳಿಜಾರು ಬಂತೆಂದರೆ ಗೇರು ತೆಗೆದು, ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಅದರ ಭಾರಕ್ಕೆ ಇಳಿಯಲು ಬಿಡುತ್ತೇವೆ. ಇಳಿಜಾರಿನ ಎಣ್ಣೆ ಡ್ರೈವರನದು ಎಂದು ನಮ್ಮಲ್ಲಿ ಮಾತೇ ಇದೆ. ಮಾಲಕರಿಗೆ ಇದು ಗೊತ್ತು. ಗೊತ್ತಿದ್ದೇ ಪಗಾರ ಕಡಿಮೆ ಕೊಡುತ್ತಾರೆ. ಈ ಚಳಿಗಾಲದಲ್ಲಿ ಎಣ್ಣೆಯ ದರ ಏರಿದ ಮೇಲೆ ನೊಣ ಕೂರುವಷ್ಟು ಇಳಿಜಾರನ್ನೂ ಯಾರೂ ಬಿಡುತ್ತಿಲ್ಲ. ಇದರಲ್ಲಿ ಒಂದೇ ತೊಂದರೆ. ಇಂಜಿನ್ ನಡೆಯುತ್ತಿದ್ದರೆ ಮಾತ್ರ ಬ್ರೇಕಿಗೆ ಪೂರ್ತಿ ಬಲ. ಬಂದ್ ಆದ ಮೇಲೆ ಎರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಮೂರನೆಯ ಸಲ ಬಂಡೆಗಲ್ಲನ್ನು ತುಳಿದ ಹಾಗೆ.

ನಿನ್ನೆ ಮಂಗಳವಾರ, ದಿನಾಂಕ 12-3-1974, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಬೈಲಹೊಂಗಲ ಪೇಟೆಯಿಂದ ಹತ್ತಿಯ ಮೂವತ್ತಾರು ಅಂಡಿಗೆ ಹೇರಿಕೊಂಡು ಹೊರಟೆವು. ರಾಮದುರ್ಗ ದಾಟಿ ಬಾಗಲಕೋಟೆಗೆ ಮುಟ್ಟಿಸಬೇಕಿತ್ತು. ಗಾಡಿಯಲ್ಲಿ ನಾನು ಮತ್ತು ಬೀರಪ್ಪ, ಇಬ್ಬರೇ. ಸವದತ್ತಿಯವರೆಗೆ ನಾನು ನಡೆಸಿದೆ. 12 ಗಂಟೆ 25 ನಿಮಿಷಕ್ಕೆ ಸವದತ್ತಿ ಮುಟ್ಟಿ ಚಹಾ ಕುಡಿದೆವು. ನಾನು ಕುಳಿತು, ಅವನು ನಿಂತು. 12 ಗಂಟೆ 50ಕ್ಕೆ ಸ್ಟೇರಿಂಗ್ ಅವನ ಕೈಗೆ ಕೊಟ್ಟು ನಾನು ಎಡಗಡೆ ಕುಳಿತೆ.

1 ಗಂಟೆ 35 ನಿಮಿಷಕ್ಕೆ ಸಿರಸಂಗಿ ಬಂತು. ರಸ್ತೆಯ ಬದಿಯ ಜಾಲಿಗಿಡದ ಕೆಳಗೆ ಅವನ ಹೆಂಡತಿ ಬಾಯವ್ವ ರೊಟ್ಟಿಗಂಟು ಹಿಡಿದು ನಿಂತಿದ್ದಳು. ಗಂಡ ಆ ದಿನ ಆ ದಾರಿಯಲ್ಲಿ ಬರುತ್ತಾನೆಂದು ಅವಳಿಗೆ ಯಾರು ಹೇಳಿದ್ದರೋ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖವೆಲ್ಲ ಧೂಳಾಗಿತ್ತು. ಬೀರಪ್ಪ ಆಕ್ಸಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಸಡಿಲ ಮಾಡಿದ. ಇದು ಲಾರಿ, ಮಾವನ ಮನೆಯ ಬಂಡಿಯಲ್ಲ ಎಂದೆ. ಅವನು ನಿಲ್ಲಿಸಲಿಲ್ಲ. ಅವಳು ಗಂಟನ್ನು ಸ್ವಲ್ಪ ಮೇಲಕ್ಕೆತ್ತಿ ತೋರಿಸಿದಳು, ಗಾಡಿ ದಾಟಿತು.

ಅಲ್ಲಿಂದ ನಾಲ್ಕು ಮೈಲಿಯ ಮೇಲೆ ಇಳಿಜಾರು ಶುರುವಾಗುತ್ತದೆ. ಸರಕಾರದ ಕಲ್ಲಿನ ಮೇಲೆ ಈಗ ಕಿಲೋಮೀಟರು ಬರೆದಿದ್ದಾರೆ, ನನ್ನ ತಲೆಯಲ್ಲಿ ಮೈಲಿಯೇ ಇದೆ, ಹವಾಲ್ದಾರರು ಬೇಕಾದರೆ ಗುಣಿಸಿಕೊಳ್ಳಲಿ. ಇಳಿಜಾರಿನ ಉದ್ದ ಒಂದೂಕಾಲು ಮೈಲಿ. ಮಧ್ಯದಲ್ಲಿ ಎರಡು ತಿರುವು. ಎಡಕ್ಕೆ ಗುಡ್ಡದ ಮಣ್ಣುದಿಬ್ಬ, ಬಲಕ್ಕೆ ಹೊಲ, ರಸ್ತೆಯಿಂದ ಮೂರು ಆಳು ಕೆಳಗೆ. ಇಳಿಜಾರಿನ ಮೇಲ್ತುದಿ ಮುಟ್ಟಿದಾಗ 1 ಗಂಟೆ 55 ನಿಮಿಷ. ಇಂಜಿನ್ ಬಂದ್ ಮಾಡಲು ಬೀರಪ್ಪನಿಗೆ ಹೇಳಿದೆ.

ಅವನು ಮಾಡಲಿಲ್ಲ. ಮಾಲು ಹೇರಿದ ಗಾಡಿ, ತಿರುವು ಕಾಣುತ್ತಿಲ್ಲ, ಇಂಜಿನ್ ಇರಲಿ ಎಂದ. ಎಂಟು ತಿಂಗಳಲ್ಲಿ ಅವನು ನನಗೆ ಎದುರು ಹೇಳಿದ್ದು ಅದೊಂದೇ ಸಲ. ಮುಂದಿನ ಎರಡು ಮಾತುಗಳನ್ನು ಆಡಿದ ಹಾಗೆಯೇ ಬರೆದುಕೊಳ್ಳಲು ಕೋರಿದ್ದೇನೆ. ನಾನು ಅಂದದ್ದು, "ಈ ತಿಂಗಳ ಸಹಿ ಬೇಕೋ ಬ್ಯಾಡೋ?" ಅವನು ಅಂದದ್ದು, "ಬೇಕ್ರಿ ಉಸ್ತಾದ್ರ." ಇಷ್ಟೇ. ಇಂಜಿನ್ ಬಂದ್ ಮಾಡಿದ.

ಮೊದಲನೇ ತಿರುವು ಸರಾಗವಾಗಿ ದಾಟಿತು. ಅಲ್ಲಿ ಒಂದು ಸಲ ಬ್ರೇಕ್ ಒತ್ತಿದ. ಗಾಡಿಯ ವೇಗ ಏರುತ್ತಿತ್ತು. ನಾನು ಬೀಡಿ ಹಚ್ಚಿಕೊಳ್ಳುತ್ತಿದ್ದೆ. ಎರಡನೇ ತಿರುವಿನಲ್ಲಿ ತಿರುಗಿದ ಕೂಡಲೇ ಮುಂದೆ ಮೂವತ್ತು ಮಾರು ದೂರದಲ್ಲಿ ಜೋಳದ ದಂಟಿನ ಕಣಿಕೆ ಹೇರಿದ ಎತ್ತಿನ ಬಂಡಿ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಗಾಲಿಯ ಕಡಾಣಿ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಬಂಡಿಯವನು, ಚಚಡಿಯ ಪರಪ್ಪ, ವಯಸ್ಸು ಅರವತ್ತರ ಮೇಲೆ, ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಿದ್ದ. ಬೀರಪ್ಪ ಬ್ರೇಕ್ ಒತ್ತಿದ, ಸ್ವಲ್ಪ ಹಿಡಿಯಿತು. ಮತ್ತೆ ಒತ್ತಿದ, ಹಿಡಿಯಲಿಲ್ಲ. ಗೇರಿಗೆ ಹಾಕು ಎಂದು ಕೂಗಿದೆ. ಹಾಕಲು ನೋಡಿದ, ಆ ವೇಗಕ್ಕೆ ಗೇರು ಕೂರಲಿಲ್ಲ.

ನನ್ನ ಉಸ್ತಾದ ನನಗೆ ಕಲಿಸಿದ ಲೆಕ್ಕ ಹೀಗಿದೆ: ಮೊದಲು ಗಾಡಿ, ಆಮೇಲೆ ಮಾಲು, ಆಮೇಲೆ ಮಂದಿ. ಇದನ್ನು ನಾನು ಬೀರಪ್ಪನಿಗೂ ಹೇಳಿದ್ದೆ. ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ದಿದ್ದರೆ ನಾನು ನೆಟ್ಟಗೆ ಹಿಡಿಯುತ್ತಿದ್ದೆ. ಕಣಿಕೆ ಮೆತ್ತಗಿನ ಮಾಲು, ಗಾಡಿಗೆ ಹೆಚ್ಚು ಪೆಟ್ಟಾಗುತ್ತಿರಲಿಲ್ಲ. ಪರಪ್ಪ ಮಾತ್ರ ಗಾಡಿಯ ಕೆಳಗೆ ಸಿಕ್ಕು ಸಾಯುತ್ತಿದ್ದ. ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಯಾಕೆಂದರೆ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದೂ ಅದೇ: ನೆಟ್ಟಗೆ ಹಿಡಿ ಎಂದೆ. ಬೀರಪ್ಪ ಹಿಡಿಯಲಿಲ್ಲ. ಸ್ಟೇರಿಂಗನ್ನು ಎದೆಗೆ ಅವಚಿಕೊಂಡು ಎಡಕ್ಕೆ ತಿರುಗಿಸಿ ಗಾಡಿಯನ್ನು ದಿಬ್ಬಕ್ಕೆ ಹೊಡೆದ. ಮುಂದಿನ ಎಡಗಾಲಿ ಮುರಿಯಿತು, ರೇಡಿಯೇಟರ್ ಒಳಗೆ ಹೋಯಿತು, ಹದಿನೈದು ಅಂಡಿಗೆ ರಸ್ತೆಗೆ ಬಿದ್ದವು. ಗಾಡಿಯ ಹಿಂಭಾಗ ಜಾರಿ ಬಂದು ಬಂಡಿಗೆ ತಾಗಿತು. ಒಂದು ಎತ್ತು ಅಲ್ಲಿಯೇ ಸತ್ತಿತು. ಪರಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಆಗ 1 ಗಂಟೆ 58 ನಿಮಿಷ. ನನಗೆ ಹಣೆಯ ಮೇಲೆ ಒಂದು ಇಂಚಿನ ಗಾಯ. ಬೀಡಿ ಇನ್ನೂ ಹತ್ತಿಕೊಂಡೇ ಇತ್ತು.

ಬೀರಪ್ಪ ಇಳಿದು ಓಡಿದ. ತಲೆಯ ಟವೆಲ್ಲು ಹರಿದು ಪರಪ್ಪನ ಕಾಲಿಗೆ ಬಂಡಿಯ ಗೂಟ ಸೇರಿಸಿ ಕಟ್ಟಿದ. ಕುರಿಯ ಕಾಲು ಮುರಿದರೆ ಹೀಗೆ ಕಟ್ಟುತ್ತಾರಂತೆ. ನಾನು ರೇಡಿಯೇಟರ್ ನೋಡುತ್ತಿದ್ದೆ. 2 ಗಂಟೆ 20ಕ್ಕೆ ಬಂದ ಬಸ್ಸಿನಲ್ಲಿ ಪರಪ್ಪನನ್ನು ಮಲಗಿಸಿ ರಾಮದುರ್ಗದ ಆಸ್ಪತ್ರೆಗೆ ಕಳಿಸಿದೆವು. ನನ್ನ ಎತ್ತು ಏನಾಯಿತು ಎಂದು ಪರಪ್ಪ ಕೇಳುತ್ತಿದ್ದ. ನಿಂತಿದೆ ಎಂದು ಬೀರಪ್ಪ ಹೇಳಿದ. ಒಂದು ಎತ್ತು ನಿಂತಿದ್ದದ್ದು ನಿಜ.

3 ಗಂಟೆ 10 ನಿಮಿಷಕ್ಕೆ ಫೌಜದಾರ ಸಾಹೇಬರು ಇಬ್ಬರು ಪೇದೆಗಳೊಡನೆ ಸ್ಥಳಕ್ಕೆ ಬಂದರು. ಗಾಡಿ ಗೇರಿನಲ್ಲಿ ಇಲ್ಲದಿದ್ದದ್ದನ್ನು ನೋಡಿ ಇಂಜಿನ್ ಬಂದ್ ಮಾಡಿದವರು ಯಾರೆಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಬೀರಪ್ಪ, ತಾನೇ ಮಾಡಿದ್ದು, ಉಸ್ತಾದರು ಮಲಗಿದ್ದರು, ಅವರಿಗೆ ಗೊತ್ತಿಲ್ಲ ಎಂದ. ಸಾಹೇಬರು ನನ್ನ ಕಡೆ ನೋಡಿದರು. ನಾನು ಹಣೆಯ ರಕ್ತ ಒರೆಸಿಕೊಂಡೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವಂಥ ಇವನ ದೊಡ್ಡಸ್ತಿಕೆ ನೋಡು ಎಂದು ಒಳಗೊಳಗೆ ಬೈದುಕೊಂಡೆ. ಅವನ ಕೈಗೆ ಬೇಡಿ ಹಾಕಿದಾಗ ಕಿಸೆಯ ಪೆನ್ನು ಕೆಳಗೆ ಬಿತ್ತು. ಪೇದೆಯೊಬ್ಬರು ಅದನ್ನು ಎತ್ತಿಕೊಂಡು ತಮ್ಮ ಕಿಸೆಗೆ ಇಟ್ಟುಕೊಂಡರು. ಅದು ಯಾರೆಂದು ನಾನು ಹೇಳುವುದಿಲ್ಲ, ಅವರು ಈಗ ಬಾಗಿಲಲ್ಲಿ ನಿಂತಿದ್ದಾರೆ.

ಸಂಜೆ 6 ಗಂಟೆ 30 ನಿಮಿಷಕ್ಕೆ ಮಾಲಕ ಬಸಲಿಂಗಪ್ಪನವರು ಬೈಲಹೊಂಗಲದಿಂದ ಬಾಡಿಗೆ ಜೀಪಿನಲ್ಲಿ ಠಾಣೆಗೆ ಬಂದರು. ದಾರಿಯಲ್ಲಿ ಗಾಡಿ ನೋಡಿಕೊಂಡು ಬಂದಿದ್ದರು. ಮೊದಲು ರೇಡಿಯೇಟರ್ ಕೇಳಿದರು, ಆಮೇಲೆ ಅಂಡಿಗೆ ಒದ್ದೆಯಾದವೇ ಎಂದು ಕೇಳಿದರು, ಆಮೇಲೆ ಸತ್ತ ಎತ್ತಿನ ವಯಸ್ಸು ಕೇಳಿದರು. ಪರಪ್ಪನ ಕಾಲನ್ನು ಕೇಳಲಿಲ್ಲ. ನನ್ನನ್ನು ಠಾಣೆಯ ಹಿಂದಿನ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಹೇಳಿದ್ದನ್ನು ಇದ್ದ ಹಾಗೆ ಬರೆಸುತ್ತೇನೆ.

"ನಿಜಾಮಸಾಬ, ನಿನ್ನ ಲೈಸನ್ಸ ಹೋತಂದ್ರ ನನ್ನ ಹತ್ತಿ ಸೀಜನ್ನ ಹೋತು. ಅವ ತಾನಽ ಒಪ್ಪಿಕೊಂಡಾನ. ನಾವೇನು ಒಪ್ಪಿಕೋ ಅಂದ್ವೇನು? ನೀ ಮಲಗಿದ್ದೆ ಅಂತ ಅವನಽ ಹೇಳ್ಯಾನ. ಜ್ವರ ಇತ್ತು ಅನ್ನೂದೊಂದು ನೀ ಸೇರಸು, ಮುಗೀತು."

ಬೀರಪ್ಪನ ಗತಿ ಏನು ಎಂದು ಕೇಳಿದೆ. ಮೂರು ತಿಂಗಳೋ ಆರು ತಿಂಗಳೋ ಕೂರುತ್ತಾನೆ, ಕುರಿ ಕಾಯುವವನು ಮತ್ತೆ ಕುರಿ ಕಾಯುತ್ತಾನೆ, ಛಾಪಾ ಕಾಗದವಂತೂ ತಮ್ಮ ಕಪಾಟಿನಲ್ಲೇ ಇದೆ ಎಂದರು. ಆಮೇಲೆ ಕಿಸೆಯಿಂದ ಎಲೆ ಅಡಿಕೆ ತೆಗೆದು ನನಗೂ ಕೊಟ್ಟರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಎಲೆ ಕೊಟ್ಟದ್ದು ಅದೇ ಮೊದಲು. ತಿಂದೆ. ಬಾಯಲ್ಲಿ ಎಲೆ ಇಟ್ಟುಕೊಂಡೇ ಬಂದು 7 ಗಂಟೆ 15 ನಿಮಿಷಕ್ಕೆ ಸುಳ್ಳು ಹೇಳಿಕೆ ಬರೆಸಿ ಸಹಿ ಹಾಕಿದೆ. ಮಾಲಕರು ಬೈಲಹೊಂಗಲಕ್ಕೆ ಹೋದರು. ನಾನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗಿದೆ.

ಇಪ್ಪತ್ಮೂರು ವರ್ಷದಲ್ಲಿ ನಾನು ನಡೆಯುವ ಗಾಡಿಯಲ್ಲಿ ಒಮ್ಮೆಯೂ ನಿದ್ದೆ ಮಾಡಿಲ್ಲ. ಬೇಕಾದರೆ ಈ ಸೀಮೆಯ ಯಾವ ಡ್ರೈವರನನ್ನಾದರೂ ಕೇಳಬಹುದು. ಮಲಗಿದ್ದೆ ಎಂದು ಬರೆಸಿ ಅದರ ಕೆಳಗೆ ನನ್ನ ಹೆಸರು ಹಾಕಿದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಬೀರಪ್ಪನ ಚಿಂತೆ ಚುಚ್ಚಿತು ಎಂದು ನಾನು ಹೇಳುವುದಿಲ್ಲ. ಅಷ್ಟು ಒಳ್ಳೆಯವನಾಗಿ ತೋರಿಸಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ. ಯಾವನನ್ನು ಎಂಟು ತಿಂಗಳು ಕಾಲಕಸ ಎಂದುಕೊಂಡಿದ್ದೆನೋ ಅವನ ಭಿಕ್ಷೆಯಲ್ಲಿ ನನ್ನ ಲೈಸೆನ್ಸ್ ಉಳಿಯಿತಲ್ಲ ಎಂದು ಸಿಟ್ಟು ಬಂದಿತ್ತು.

ಇವತ್ತು ಬೆಳಿಗ್ಗೆ 7 ಗಂಟೆ 30 ನಿಮಿಷಕ್ಕೆ ಎರಡು ಕಪ್ ಚಹಾ ತೆಗೆದುಕೊಂಡು, ಪಹರೆಯವರಿಗೆ ಒಂದು ಕೊಟ್ಟು, ಲಾಕಪ್ಪಿನ ಸಲಾಕೆಯ ಹತ್ತಿರ ಹೋದೆ. ಬೀರಪ್ಪನನ್ನು ಬೈಯಲು ಹೋದದ್ದು. ನಿನ್ನ ಉಪಕಾರ ಯಾರು ಕೇಳಿದ್ದರು, ನಾನೇನು ನಿನಗೆ ಹೆಣ್ಣು ಕೊಟ್ಟ ಮಾವನೇ, ನನ್ನ ಹೆಸರು ಉಳಿಸಿ ದೊಡ್ಡ ಮನುಷ್ಯನಾಗಬೇಕೆಂದು ಮಾಡಿದ್ದೀಯಾ ಎಂದು ಬೈದೆ. ಅವನು ಚಹಾ ತೆಗೆದುಕೊಂಡ. ಕುಳಿತೇ ಕುಡಿದ. ನಾನು ಸಲಾಕೆಯ ಹೊರಗೆ ನಿಂತಿದ್ದೆ. ಕುಡಿದು ಮುಗಿಸಿ ಅವನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದುಕೊಳ್ಳಬೇಕು.

"ನಿಮ್ಮ ಸಲುವಾಗಿ ಅಲ್ರಿ ಉಸ್ತಾದ್ರ. ಹದಿನಾಲ್ಕು ತಿಂಗಳ ಅಡ್ಡಾಡೇನ್ರಿ ನಾ. ಹೋದಲ್ಲೆಲ್ಲಾ ಮೊದಲ ಕೇಳೂದು ಒಂದಽ ಮಾತು, ನಿನ್ನ ಉಸ್ತಾದ ಯಾರು ಅಂತ. ನನ್ನ ಉಸ್ತಾದ್ನ ನಾನಽ ಜೇಲಿಗೆ ಕಳಿಸಿ ಬಂದೇನಿ ಅಂದ್ರ ಯಾವ ಮಾಲಕ ಇಟ್ಕೋತಾನ್ರಿ? ಜೇಲಿಗೆ ಹೋಗಿ ಬಂದ್ರ, ಈ ಮಗಾ ಬಾಯಿ ಬಿಡೂದಿಲ್ಲ ಅಂತ ಯಾರರೆ ಒಬ್ರು ಹತ್ತಿಸ್ಕೋತಾರ. ನನಗ ಅದಽ ಲೈಸನ್ಸ್ರಿ."

ಇದು ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ನೀವಽ ಹೇಳೀರಿ. ಮೊದಲನೇ ದಿನ. ಬರ್ಕೊಂಡೇನಿ."

ಹಾಗಾದರೆ ನನ್ನ ಮೇಲೆ ನಿನಗೆ ಸಿಟ್ಟಿಲ್ಲವೇ ಎಂದು ಕೇಳಿಬಿಟ್ಟೆ. ಅದನ್ನು ಯಾಕೆ ಕೇಳಿದೆನೋ ತಿಳಿಯದು. ಕಪ್ಪನ್ನು ಸಲಾಕೆಯ ಸಂದಿಯಿಂದ ನನ್ನ ಕೈಗೆ ಕೊಡುತ್ತ ಅವನು ಉತ್ತರ ಹೇಳಿದ.

"ನಿಮ್ಮ ಮ್ಯಾಲೆ ನನಗ ಸಿಟ್ಟೂ ಇಲ್ರಿ, ಮರ್ಯಾದಿನೂ ಇಲ್ರಿ."

ಮಾಲಕರು ನನ್ನನ್ನು ಬೈದಿದ್ದಾರೆ, ಆರ್‌ಟಿಓದವರು ಬೈದಿದ್ದಾರೆ, ಈ ಠಾಣೆಯಲ್ಲೂ ಬೈಸಿಕೊಂಡಿದ್ದೇನೆ. ಬಹುವಚನ ಹಚ್ಚಿ, ತಣ್ಣಗೆ, ಚಹಾದ ಕಪ್ಪು ಕೊಡುತ್ತ ನನ್ನನ್ನು ಹಾಗೆ ಯಾರೂ ತೆಗೆದು ಹಾಕಿರಲಿಲ್ಲ. ಆ ಕಪ್ಪು ಹಿಡಿದುಕೊಂಡು ಠಾಣೆಯ ಮೆಟ್ಟಿಲ ಮೇಲೆ ಒಂದು ತಾಸು ಕುಳಿತೆ. ಲೆಕ್ಕ ಹಾಕಿದೆ. ನಾನು ಹದಿಮೂರು ವರ್ಷದವನಿದ್ದಾಗ ನನ್ನ ಉಸ್ತಾದನಿಗೂ ನಾನು ಹೀಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನ ಹಾಗೆ ಆದೆ, ಅದನ್ನು ಕಸುಬು ಎಂದು ಹೇಳಿಕೊಂಡು ತಿರುಗಿದೆ. ಥೂ ಎನ್ನುವುದಕ್ಕೆ ನನಗೆ ಇನ್ನೊಬ್ಬರು ಬೇಕಾಗಿಲ್ಲ. 8 ಗಂಟೆ 50ಕ್ಕೆ ಎದ್ದು ಒಳಗೆ ಬಂದು ಹವಾಲ್ದಾರರನ್ನು ಎಬ್ಬಿಸಿದೆ.

ಇಂಜಿನ್ ಬಂದ್ ಮಾಡಿಸಿದವನು ನಾನು. ಬೇಡ ಎಂದವನನ್ನು ಸಹಿಯ ಹೆಸರಿನಲ್ಲಿ ಹೆದರಿಸಿ ಮಾಡಿಸಿದ್ದೇನೆ. ಆ ಎಣ್ಣೆ ಉಳಿದಿದ್ದರೆ ನನ್ನದಾಗುತ್ತಿತ್ತು. ನಾನು ಎಚ್ಚರವಿದ್ದೆ, ಪಕ್ಕದಲ್ಲಿದ್ದೆ. ಜ್ವರದ ಮಾತನ್ನು ಸೇರಿಸಲು ಹೇಳಿದವರು ಬಸಲಿಂಗಪ್ಪನವರು. ಅವರು ಇಲ್ಲ ಎನ್ನುತ್ತಾರೆ, ಅವರ ಮಾತಿಗೆ ನನ್ನ ಮಾತಿಗಿಂತ ತೂಕ ಇದೆ, ಅದು ನನಗೆ ಗೊತ್ತು. ನಾನು ಮಾಡಿದ್ದಕ್ಕೆ ಏನು ಶಿಕ್ಷೆಯೋ ಕಾನೂನು ನೋಡಿಕೊಳ್ಳಲಿ. ನನ್ನ ಲೈಸೆನ್ಸನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಹವಾಲ್ದಾರರು ಅದನ್ನು ಮುಟ್ಟುತ್ತಿಲ್ಲ, ಸಾಹೇಬರು ಬರಲಿ ಎನ್ನುತ್ತಿದ್ದಾರೆ.

ಬೀರಪ್ಪನು ನನ್ನ ವಿರುದ್ಧ ಒಂದು ಮಾತನ್ನೂ ಆಡಿಲ್ಲ. ಸ್ಥಳದಲ್ಲಿ ಆಡಲಿಲ್ಲ, ಲಾಕಪ್ಪಿನಲ್ಲಿ ಆಡಲಿಲ್ಲ. ಇವತ್ತು ನಾನು ಕೇಳಿದ್ದಕ್ಕೆ ನನಗೆ ಹೇಳಿದ, ಬೇರೆ ಯಾರಿಗೂ ಅಲ್ಲ. ಇದನ್ನು ಬೇರೆಯಾಗಿ, ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಕೋರಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಲಾರಿ ಮಾಲಕನೂ ಇವನು ಉಸ್ತಾದನನ್ನು ಹಿಡಿದುಕೊಟ್ಟವನು ಎಂದು ಹೇಳಬಾರದು. ಹಿಡಿದುಕೊಟ್ಟವನು ಉಸ್ತಾದನೇ.

ಮುಂದೆ ಅವನು ಮತ್ತೆ ಪಗಾರದ ಕಲಿಕೆ ಕೇಳಿಕೊಂಡು ಹೋದಾಗ ಗಾಡಿ ಕಲಿಸಿದವರು ಯಾರೆಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಬಾರದೆಂದು ಅವನಿಗೆ ತಿಳಿಸಬೇಕು. ಯಾರೂ ಕಲಿಸಿಲ್ಲ ಎನ್ನಲಿ, ಅದು ಸುಳ್ಳಾಗುವುದಿಲ್ಲ. ಇಂಜಿನ್ ಬಂದ್ ಮಾಡುವುದು ನಾನು ಕಲಿಸಿದ್ದು. ಗಾಡಿಯನ್ನು ದಿಬ್ಬಕ್ಕೆ ತಿರುಗಿಸುವುದನ್ನು ನಾನು ಕಲಿಸಿಲ್ಲ.

ಇದನ್ನು ಹವಾಲ್ದಾರರು ಗಟ್ಟಿಯಾಗಿ ಓದಿ ಹೇಳಿದರು. ನಿನ್ನೆಯದನ್ನೂ ಹೀಗೆಯೇ ಓದಿ ಹೇಳಿದ್ದರು, ನಿನ್ನೆಯೂ ಸರಿ ಇದೆ ಎಂದಿದ್ದೆ. ಇವತ್ತು ಸರಿ ಇದೆ. ನನಗೆ ತಿಳಿದ ಮಟ್ಟಿಗೆ ನಿಜ, ಯಾರ ಒತ್ತಾಯವೂ ಇಲ್ಲ, ಬಾಯಲ್ಲಿ ಯಾರ ಎಲೆಯೂ ಇಲ್ಲ.

ಸ್ಥಳ: ರಾಮದುರ್ಗ
ದಿನಾಂಕ: 13-3-1974, ಬೆಳಿಗ್ಗೆ 11 ಗಂಟೆ 5 ನಿಮಿಷ

(ಸಹಿ) ನಿಜಾಮಸಾಬ ಹಜರತಸಾಬ ನದಾಫ
ಡ್ರೈವರ್